ಮನೆಯಲ್ಲಿ ಉಳಿದವಳು ಎಂಬ ಹಣೆಪಟ್ಟಿ

ಆದೋನಿಯಲ್ಲಿ ಒಂದೇ ಮಾತು ಮೂರು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ನಲವತ್ತು ದಾಟಿದ, ಮದುವೆಯಾಗದ ಹೆಂಗಸೊಬ್ಬಳು ಓಣಿಯಲ್ಲಿ ಹಾದುಹೋದರೆ ಕಟ್ಟೆಯ ಮೇಲೆ ಕೂತ ಕನ್ನಡದವರು ‘ಪಾಪ, ಆಕಿ ಮನ್ಯಾಗ ಉಳಿದುಬಿಟ್ಟಾಳ’ ಅನ್ನುತ್ತಾರೆ. ತೆಲುಗಿನವರು ‘ಇಂಟ್ಲೋನೇ ಉಂಡಿಪೋಯಿಂದಿ’ ಅನ್ನುತ್ತಾರೆ. ದಖನಿ ಮಾತಾಡುವ ಗಲ್ಲಿಗಳಲ್ಲಿ ‘ಘರ್ ಮೇ ಬೈಠೀ ಹೈ’. ಜಾತಿ, ಧರ್ಮ, ಓಣಿ ಬೇರೆಯಾದರೂ ಹಣೆಪಟ್ಟಿ ಒಂದೇ. ಹೋಗಬೇಕಾದವಳು ಹೋಗಲಿಲ್ಲ, ಕೂತುಬಿಟ್ಟಳು.

ಹಾಗೆ ಅನ್ನಿಸಿಕೊಂಡವಳು ಆ ಹೊತ್ತಿಗೆ ಎಲ್ಲಿಗೆ ಹೊರಟಿರುತ್ತಾಳೆ? ಶೇಂಗಾ ಮಿಲ್ಲಿಗೆ ಕಾಳು ಆರಿಸಲು, ಹತ್ತಿ ಜಿನ್ನಿಗೆ, ಮಾರ್ಕೆಟ್ ಯಾರ್ಡಿಗೆ, ಅಂಗನವಾಡಿಗೆ, ಉಗ್ಗಾಣಿ-ಬಜ್ಜಿಯ ಬಂಡಿಗೆ. ಹತ್ತಿ ಬಿಡಿಸುವ ಕಾಲವಾದರೆ ಇನ್ನೂ ಕತ್ತಲಿರುವಾಗಲೇ ಆಟೋ ತುಂಬ ಹೆಂಗಸರು ಕೂತು ಕೌತಾಳಂ, ಹೊಳಗುಂದ ಕಡೆಯ ಹೊಲಗಳಿಗೆ ಹೋಗುತ್ತಾರೆ. ಅವರ ನಡುವೆ ಇವಳೂ ಇರುತ್ತಾಳೆ. ಮನೆಯಲ್ಲಿ ಕೂತವಳು ಅನ್ನಿಸಿಕೊಂಡವಳಿಗೆ ಮನೆಯಲ್ಲಿ ಕೂರಲು ಪುರಸೊತ್ತೇ ಇರುವುದಿಲ್ಲ.

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವು. ಆ ದಿನ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೈಸೂರಿಗೆ ಬಂದವು, ಆದೋನಿ, ಆಲೂರು ಹೊಸ ಆಂಧ್ರ ರಾಜ್ಯದಲ್ಲಿ ಕರ್ನೂಲಿಗೆ ಸೇರಿದವು. ಗಡಿ ಬಿದ್ದರೂ ನೆಂಟಸ್ತನ ತಪ್ಪಲಿಲ್ಲ. ಸಿರುಗುಪ್ಪದ ಹುಡುಗಿ ಕೋಸಿಗಿಗೆ ಸೊಸೆಯಾಗಿ ಹೋಗುತ್ತಾಳೆ, ಆದೋನಿಯ ಹುಡುಗಿ ಮಾನ್ವಿಗೆ ಬರುತ್ತಾಳೆ. ಹೆಣ್ಣೆಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವವಳು ಎಂಬ ಲೆಕ್ಕದ ಮೇಲೆ ಇಡೀ ಸೀಮೆಯ ಬಂಧುಬಳಗ ನಿಂತಿದೆ. ಆ ಲೆಕ್ಕಕ್ಕೆ ಸಿಗದವಳಿಗೆ ಒಂದು ಹೆಸರಿಡದಿದ್ದರೆ ಊರಿಗೆ ಸಮಾಧಾನವಿಲ್ಲ.

ಯಾವ ವಯಸ್ಸಿಗೆ ಈ ಹೆಸರು ಅಂಟುತ್ತದೆ? ಬೆಂಗಳೂರಿನಲ್ಲಿ ಮೂವತ್ತಕ್ಕೆ ಕೇಳುವ ಪ್ರಶ್ನೆಯನ್ನು ಇಲ್ಲಿ ಇಪ್ಪತ್ತೆರಡಕ್ಕೇ ಕೇಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ 29.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಇಡೀ ದೇಶದ ಸರಾಸರಿ ಶೇ 23.3. ಮದುವೆಯ ವಯಸ್ಸನ್ನು ಹದಿನೆಂಟಕ್ಕೆ ಏರಿಸಿದ ಕಾನೂನು ಬಂದದ್ದು 1978ರಲ್ಲಿ. ಹತ್ತನೇ ತರಗತಿ ಮುಗಿಯುವುದರೊಳಗೆ ಗೆಳತಿಯರ ಕೊರಳಿಗೆ ತಾಳಿ ಬೀಳುವ ಊರಿನಲ್ಲಿ ಇಪ್ಪತ್ತೆರಡಕ್ಕೆ ‘ಇನ್ನೂ ಆಗಿಲ್ಲೇನು?’ ಶುರುವಾಗುತ್ತದೆ. ಇಪ್ಪತ್ತಾರಕ್ಕೆ ‘ಏನೋ ಐತಿ ಬಿಡು’ ಎಂಬ ಅನುಮಾನ. ಮೂವತ್ತಕ್ಕೆ ಎರಡನೇ ಸಂಬಂಧದವರು, ಹೆಂಡತಿ ಸತ್ತವರು, ಮಕ್ಕಳಿದ್ದವರು ಮನೆ ಬಾಗಿಲಿಗೆ ಬರುತ್ತಾರೆ. ಅವರಿಗೂ ಬೇಡ ಅಂದರೆ ಸೊಕ್ಕಿನವಳು ಅನ್ನಿಸಿಕೊಳ್ಳಬೇಕು. ಮೂವತ್ತೈದಾದ ಮೇಲೆ ಯಾರೂ ಏನೂ ಕೇಳುವುದಿಲ್ಲ. ಆಗ ಅವಳು ಖಾಯಂ ಆಗಿ ‘ಉಳಿದವಳು’.

ಉಳಿದದ್ದಕ್ಕೆ ಕಾರಣಗಳು ಯಾವ ಪುರಾಣದಲ್ಲೂ ಇಲ್ಲ, ಮನೆಯ ಲೆಕ್ಕದ ಪುಸ್ತಕದಲ್ಲಿ ಸಿಗುತ್ತವೆ. ಅಪ್ಪ ಬೇಗ ತೀರಿಹೋದ, ಕೆಳಗೆ ಮೂವರು ಚಿಕ್ಕವರಿದ್ದರು. ಇಬ್ಬರು ಅಕ್ಕಂದಿರ ವರದಕ್ಷಿಣೆಗೆ ಹೊಲ ಒತ್ತೆ ಬಿತ್ತು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಕಾಲು ಸೋತಿತು. ಜಾತಕದಲ್ಲಿ ಕುಜ ಕೂತಿದ್ದ. ಅವ್ವ ಹಾಸಿಗೆ ಹಿಡಿದಳು. ಇದರ ಮೇಲೆ ಈ ಸೀಮೆಯ ಗುಳೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೋಸಿಗಿ, ಪೆದ್ದಕಡಬೂರು, ಕೌತಾಳಂ, ಆಲೂರು ಕಡೆಯ ಹಳ್ಳಿಗಳ ಕುಟುಂಬಗಳು ಬಾಗಿಲಿಗೆ ಬೀಗ ಹಾಕಿ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತವೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಮನೆಯಲ್ಲಿ ಮದುವೆಯಾಗದ ಹೆಣ್ಣುಮಗಳೊಬ್ಬಳಿದ್ದರೆ ಆ ಬಾಗಿಲಿಗೆ ಬೀಗ ಬೀಳುವುದಿಲ್ಲ. ಮುದುಕರನ್ನು, ಎಮ್ಮೆಯನ್ನು, ಅಣ್ಣನ ಮಕ್ಕಳನ್ನು ಅವಳೇ ನೋಡಿಕೊಳ್ಳುತ್ತಾಳೆ. ಮಕ್ಕಳು ಶಾಲೆ ಬಿಡದೆ ಉಳಿಯುವುದು ಅವಳು ಊರಲ್ಲಿರುವುದರಿಂದ. ಕರ್ನೂಲು ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೂ ಅಕ್ಷರ ಬಲ್ಲ ಹೆಂಗಸರು ಅರ್ಧದಷ್ಟಿದ್ದರು, ಅಷ್ಟೆ. ಮುಂದಿನ ಪೀಳಿಗೆಯ ಹುಡುಗಿಯರನ್ನು ಈ ಲೆಕ್ಕದಿಂದ ಮೇಲೆತ್ತಿದವರಲ್ಲಿ ಇಂಥ ಅತ್ತೆಯರು, ದೊಡ್ಡಮ್ಮಂದಿರು ಎಷ್ಟೋ ಮಂದಿ. ಅವರ ಹೆಸರು ಯಾವ ದಾಖಲೆಯಲ್ಲೂ ಬರುವುದಿಲ್ಲ.

ನಮ್ಮ ಮನೆಯಲ್ಲೂ ಒಬ್ಬರಿದ್ದರು. ನಮ್ಮಪ್ಪನ ಅಕ್ಕ, ನಮಗೆ ಅತ್ತಿ. ತಾತ ತೀರಿಕೊಂಡಾಗ ಅವರಿಗೆ ಹದಿನೇಳು. ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸಿ ಮೂವರು ತಮ್ಮಂದಿರನ್ನು ಓದಿಸಿದರು, ಮೂವರಿಗೂ ಮದುವೆ ಮಾಡಿದರು. ಮನೆಯಲ್ಲಿ ಯಾವ ಕಾರ್ಯವಾದರೂ ಅಕ್ಕಿ ಎಷ್ಟು, ಬೆಲ್ಲ ಎಷ್ಟು, ಯಾರಿಗೆ ಯಾವ ಸೀರೆ ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಆದರೆ ಹಂದರದಲ್ಲಿ ಸುರಗಿ ಸುತ್ತುವ ಹೊತ್ತಿಗೆ, ಐರೇಣಿ ತರುವ ಹೊತ್ತಿಗೆ ‘ಐದು ಮಂದಿ ಮುತ್ತೈದೇರು ಬರ್ರಿ ಯವ್ವಾ’ ಎಂದು ಯಾರೋ ಕೂಗಿದರೆ ಅತ್ತಿ ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ನಡೆಯುತ್ತಿದ್ದರು. ‘ನೀವು ಮಾಡ್ರಿ, ನಾ ಹೂರಣ ನೋಡ್ತೀನಿ’ ಅನ್ನುತ್ತಿದ್ದರು. ಯಾರೂ ಅವರನ್ನು ಹೋಗು ಅನ್ನುತ್ತಿರಲಿಲ್ಲ, ಬಾ ಅಂದವರೂ ಇಲ್ಲ.

ಆ ಶಾಸ್ತ್ರಗಳನ್ನು ಒಂದೊಂದಾಗಿ ನೋಡಿದರೆ ಮದುವೆಯಾಗದ ಹಿರಿಯ ಹೆಂಗಸಿಗೆ ಎಲ್ಲೂ ಜಾಗವೇ ಇಟ್ಟಿಲ್ಲವೆಂಬುದು ಕಾಣುತ್ತದೆ. ಸಣ್ಣ ಹುಡುಗಿಯಾಗಿದ್ದರೆ ಕನ್ನಿಕೆ ಎಂದು ಕೂರಿಸಿ ಕಾಲಿಗೆ ಅರಿಶಿನ ಹಚ್ಚುತ್ತಾರೆ. ಮದುವೆಯಾದವಳು ಮುತ್ತೈದೆ. ಗಂಡ ಸತ್ತವಳನ್ನು ದೂರ ಇಡುತ್ತಾರೆ, ಆ ಕ್ರೌರ್ಯಕ್ಕಾದರೂ ಒಂದು ಹೆಸರಿದೆ, ಅದನ್ನು ಪ್ರಶ್ನಿಸಿದ ಚಳವಳಿಗಳ ಇತಿಹಾಸವಿದೆ. ಐವತ್ತು ವಯಸ್ಸಿನ ಅವಿವಾಹಿತೆ ಈ ಮೂರರಲ್ಲಿ ಯಾವುದೂ ಅಲ್ಲ. ಉಡಿ ತುಂಬುವ ಶಾಸ್ತ್ರವನ್ನೇ ನೋಡಿ. ಮಗಳು ತವರಿಗೆ ಬಂದು ಹೊರಡುವಾಗ ಅಕ್ಕಿ, ಕೊಬ್ಬರಿ, ಅಡಿಕೆ-ಎಲೆ, ಕುಪ್ಪಸದ ಕಣ ಇಟ್ಟು ಉಡಿ ತುಂಬಿ ಕಳಿಸುತ್ತೇವೆ. ಈ ಮನೆಯ ಸಿರಿಯಲ್ಲಿ ನಿನ್ನದೂ ಪಾಲಿದೆ ಎಂದು ಹೇಳುವ ರೀತಿ ಅದು. ತವರು ಬಿಟ್ಟು ಹೋಗದ ಮಗಳಿಗೆ ಹೊರಡುವ ದಿನವೇ ಇಲ್ಲ, ಹಾಗಾಗಿ ಉಡಿ ತುಂಬುವ ದಿನವೂ ಇಲ್ಲ. ಎಲ್ಲರಿಗಿಂತ ಹೆಚ್ಚು ಕಾಲ ಆ ಮನೆಗೆ ದುಡಿದವಳ ಮಡಿಲಿಗೆ ಆ ಮನೆಯ ಒಂದು ಹಿಡಿ ಅಕ್ಕಿಯನ್ನು ಯಾರೂ ಮರ್ಯಾದೆಯಿಂದ ಹಾಕಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಈ ನೆಲದ ಹಳೆಯದೊಂದು ಸಂಗತಿಗೆ ಬರಬೇಕು. ಮದುವೆಯಾಗದ ಮಗಳಿಗೆ ಮನೆಯಲ್ಲಿ ಹೆಸರಿಟ್ಟ ಜಾಗವೊಂದು ಇದೇ ಆದೋನಿ, ಆಲೂರು, ಬಳ್ಳಾರಿ ಸೀಮೆಯಲ್ಲಿ ಇತ್ತು. ಅದು ಬಸವಿ ಪದ್ಧತಿ. ತೆಲುಗಿನಲ್ಲಿ ಬಸಿವಿನಿ. ಗಂಡು ಸಂತಾನವಿಲ್ಲದ ಮನೆಯವರು, ಹರಕೆ ಹೊತ್ತವರು ಒಬ್ಬ ಮಗಳನ್ನು ದೇವರ ಹೆಸರಿನಲ್ಲಿ ಬಿಡುತ್ತಿದ್ದರು. ಬೇಡರು, ಮಾದಿಗರು ಮೊದಲಾದ ದುಡಿಯುವ ಜಾತಿಗಳಲ್ಲಿ ಇದು ಹೆಚ್ಚು. ದೇವರ ಹೆಸರಿನ ತಾಳಿ, ಮುತ್ತು ಕಟ್ಟಿದ ಮೇಲೆ ಆಕೆ ಯಾವ ಗಂಡನ ಮನೆಗೂ ಹೋಗುವಂತಿಲ್ಲ. ಅಪ್ಪನ ಮನೆಯಲ್ಲೇ ಇರಬೇಕು. ಹೊಲ-ಮನೆಗೆ ಅವಳೇ ವಾರಸುದಾರಳು. ಅಪ್ಪ ಸತ್ತರೆ ಮಗನಂತೆ ಕ್ರಿಯೆ ಮಾಡುತ್ತಿದ್ದಳು. ಅವಳಿಗೆ ಹುಟ್ಟಿದ ಮಕ್ಕಳು ಅಜ್ಜನ ಮನೆತನದ ಹೆಸರು ಮುಂದುವರಿಸುತ್ತಿದ್ದರು. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿನ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ಈ ಹೆಣ್ಣುಮಕ್ಕಳ ಬಗ್ಗೆ ಬಾಂಬೆಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನಕ್ಕೆ, ದೇವರಿಗೆ ಬಿಟ್ಟದ್ದರಿಂದ ಗಂಡಸರ ಹಕ್ಕು ಪಡೆದ ಹೆಂಗಸರು ಎಂಬ ಅರ್ಥದ ತಲೆಬರಹ ಕೊಟ್ಟ. 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಬಸವಿಯರ ಪ್ರಸ್ತಾಪವಿದೆ.

ಆ ಹಕ್ಕಿನ ಬೆಲೆ ಏನಾಗಿತ್ತು ಎಂಬುದನ್ನು ಮುಚ್ಚಿಡಬಾರದು. ಮಗಳಿಗೆ ಅಪ್ಪನ ಹೊಲ ಸಿಗುತ್ತಿತ್ತು, ಆದರೆ ಅವಳ ದೇಹ ಅವಳದ್ದಾಗಿ ಉಳಿಯುತ್ತಿರಲಿಲ್ಲ. ಬೇಕು-ಬೇಡ ಹೇಳುವ ವಯಸ್ಸು ಬರುವ ಮೊದಲೇ ಮುತ್ತು ಕಟ್ಟುತ್ತಿದ್ದರು. ಊರಿನ ಉಳ್ಳವರು ಅದನ್ನು ತಮ್ಮ ಅನುಕೂಲಕ್ಕೆ ಬಳಸಿಕೊಂಡರು. ಹೊಲ ಎಂಬುದೇ ಇಲ್ಲದ ಮನೆಗಳಲ್ಲಿ ವಾರಸುದಾರಿಕೆಯ ಮಾತೂ ಇಲ್ಲ, ಉಳಿದದ್ದು ಬರೀ ಶೋಷಣೆ. ತಾವೇ ದೇವದಾಸಿ ತಾಯಿಯ ಮಗಳಾಗಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದ್ರಾಸ್ ಶಾಸನಸಭೆಯಲ್ಲಿ ವರ್ಷಗಟ್ಟಲೆ ಹೋರಾಡಿದ ಮೇಲೆ 1947ರಲ್ಲಿ ಮದ್ರಾಸ್ ದೇವದಾಸಿ ಸಮರ್ಪಣೆ ತಡೆ ಕಾಯ್ದೆ ಬಂತು. ಆಗ ಮದ್ರಾಸಿನಲ್ಲೇ ಇದ್ದ ಆದೋನಿಗೂ ಅದು ಅನ್ವಯವಾಯಿತು. ಕರ್ನಾಟಕ 1982ರಲ್ಲಿ, ಆಂಧ್ರಪ್ರದೇಶ 1988ರಲ್ಲಿ ತಮ್ಮವೇ ಕಾಯ್ದೆ ಮಾಡಿದವು. ಆ ಪದ್ಧತಿ ಹೋಗಲೇಬೇಕಿತ್ತು.

ಬಸವಿ ಎಂಬ ಹೆಸರು ಮಾತ್ರ ಹೋಗಲಿಲ್ಲ. ಅದು ಬೈಗುಳವಾಗಿ ಉಳಿದುಕೊಂಡಿತು. ಮದುವೆಯಾಗದೆ ಒಬ್ಬಳೇ ಇರುವ, ಸಂಜೆ ತಡವಾಗಿ ಬರುವ, ಗಂಡಸರ ಎದುರು ಗಟ್ಟಿಯಾಗಿ ಮಾತಾಡುವ ಯಾವ ಹೆಂಗಸಿಗಾದರೂ ಜಗಳದಲ್ಲಿ ಮೊದಲು ಬೀಳುವ ಕಲ್ಲು ಅದೇ. ಮನೆಯ ಮಗನಂತೆ ನಿಂತಿದ್ದ ಮಗಳ ಹೆಸರನ್ನು ಅವಳನ್ನು ಹಾಳು ಮಾಡಿದ ಊರೇ ಹೊಲಸು ಮಾಡಿತು, ಆಮೇಲೆ ಅದನ್ನು ಎಲ್ಲ ಒಂಟಿ ಹೆಂಗಸರ ಮೇಲೂ ಎಸೆಯಿತು. ಈ ಸೀಮೆಯ ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ಮುದುಕಿಯರು ಇನ್ನೂ ಬದುಕಿದ್ದಾರೆ. ಅವರ ಎದುರು ಆ ಬೈಗುಳ ಆಡುವವರಿಗೆ ಅದರ ಭಾರ ಗೊತ್ತಿರುವುದಿಲ್ಲ.

ಬಸವಿಯ ಬದುಕಿನಿಂದ ನಮಗೆ ಮುಖ್ಯವಾಗಬೇಕಾದದ್ದು ಇನ್ನೊಂದಿದೆ. ಮದುವೆಯಾಗದ ಮಗಳು ಮನೆಯ ಯಜಮಾನಿಯಾಗಬಲ್ಲಳು, ಹೊಲದ ವಾರಸುದಾರಳಾಗಬಲ್ಲಳು, ಅಪ್ಪನ ಚಿತೆಗೆ ಬೆಂಕಿ ಇಡಬಲ್ಲಳು ಎಂಬುದು ಈ ಊರುಗಳಿಗೆ ಹೊಸದಲ್ಲ. ಪಟ್ಟಣದವರು, ಓದಿದವರು ತಂದ ವಿಚಾರವೂ ಅಲ್ಲ. ಅಜ್ಜ-ಮುತ್ತಜ್ಜರ ಕಾಲದಲ್ಲೇ ಊರಿನ ಪಂಚರು ಒಪ್ಪಿದ್ದ ಸಂಗತಿ. ದೇವರಿಗೆ ಬಿಟ್ಟರೆ ಮಾತ್ರ ಒಪ್ಪುತ್ತೇವೆ ಎಂಬ ಷರತ್ತನ್ನು ತೆಗೆದುಹಾಕಬೇಕಿತ್ತು, ಅಷ್ಟೆ. ಅದನ್ನು ತೆಗೆದದ್ದು ಕಾನೂನು.

1985ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆಂಧ್ರದ ತಿದ್ದುಪಡಿ ತರಲು ಹೊರಟಿತು. 1986ರಲ್ಲಿ ಅದು ಕಾಯ್ದೆಯಾಗಿ 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂದಂತೆ ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಪಾಲು ಎಂದಿತು ಆ ತಿದ್ದುಪಡಿ. ಅದರೊಳಗೆ ಒಂದು ಷರತ್ತಿತ್ತು. ಆ ದಿನಕ್ಕೆ ಮೊದಲೇ ಮದುವೆಯಾಗಿ ಹೋಗಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕಿಲ್ಲ. ಅಂದರೆ 1985ರ ಸೆಪ್ಟೆಂಬರಿನಲ್ಲಿ ಆದೋನಿಯ ಯಾವ ಹಿಂದೂ ಮನೆಯಲ್ಲಾದರೂ ಮದುವೆಯಾಗದೆ ‘ಉಳಿದಿದ್ದ’ ಅಕ್ಕನಿದ್ದರೆ, ಕಾನೂನಿನ ಕಣ್ಣಿನಲ್ಲಿ ಅವಳು ಅಣ್ಣತಮ್ಮಂದಿರಿಗೆ ಸರಿಸಮ. ಸಂಭ್ರಮದಿಂದ ಮದುವೆ ಮಾಡಿ ಕಳಿಸಿದ ತಂಗಿಗೆ ಆ ಪಾಲಿಲ್ಲ. ತಂಗಿಗಾದ ಅನ್ಯಾಯ ಬೇರೆ ಮಾತು, ಅದನ್ನು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಸರಿಪಡಿಸಿತು. ಅಪ್ಪ ಆ ದಿನ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಗಡಿಯಾಚೆ ಸಿರುಗುಪ್ಪದ ಅಕ್ಕನಿಗೆ ಇದೇ ಹಕ್ಕು ಬರಲು ಕರ್ನಾಟಕದ 1994ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈ ಒಂದು ವಿಷಯದಲ್ಲಿ ಆದೋನಿಯವಳು ಒಂಬತ್ತು ವರ್ಷ ಮುಂದಿದ್ದಳು.

ಮುಂದಿದ್ದದ್ದು ಅವಳಿಗೆ ಗೊತ್ತಿತ್ತೇ? ನಾನು ಕಂಡ ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಅವಳನ್ನೂ ಪಾಲು ಹಾಕಿಕೊಂಡರು. ಆರು ತಿಂಗಳು ದೊಡ್ಡವನ ಮನೆ, ಆರು ತಿಂಗಳು ಸಣ್ಣವನ ಮನೆ. ಹೊಲ ಯಾರದು ಎಂಬ ಮಾತು ಬಂದಾಗ ‘ಅಕ್ಕಗ ಯಾತಕ್ಕ? ಉಣ್ಣಾಕ ಹಾಕ್ತೀವಲ್ಲ’ ಎಂದರು. ಪಟ್ಟಾದಾರ್ ಪಾಸ್‌ಬುಕ್ಕಿನಲ್ಲಿ, ಪಹಣಿಯಂಥ ಅಡಂಗಲ್‌ನಲ್ಲಿ ಅವಳ ಹೆಸರು ಬರಲಿಲ್ಲ. ಬರುವ ಸಂದರ್ಭ ಬಂದರೆ ರಿಜಿಸ್ಟ್ರಾರ್ ಕಚೇರಿಗೆ ಆಟೋದಲ್ಲಿ ಕರೆದೊಯ್ದು ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರು. ‘ಉಳಿದವಳು’ ಎಂಬ ಹಣೆಪಟ್ಟಿ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರಲು ಇದೇ ದೊಡ್ಡ ಕಾರಣ ಎಂಬುದು ನನ್ನ ನಂಬಿಕೆ. ಅವಳು ಪಾಪದವಳು, ನಾವು ಸಾಕುತ್ತಿದ್ದೇವೆ ಎಂದು ಎಲ್ಲರೂ ಒಪ್ಪಿಕೊಂಡರೆ ಅವಳು ಪಾಲುದಾರಳು ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಅವಳಿಗೂ ಬರುವುದಿಲ್ಲ.

ಸರ್ಕಾರವೂ ಇವಳಿಗೊಂದು ಹೆಸರಿಟ್ಟಿದೆ. ಆಂಧ್ರದ ಪಿಂಚಣಿ ಪಟ್ಟಿಯಲ್ಲಿ ವೃದ್ಧರು, ವಿಧವೆಯರು, ನೇಕಾರರು, ಮೀನುಗಾರರ ಜೊತೆಗೆ ‘ಒಂಟರಿ ಮಹಿಳ’ ಎಂಬ ವರ್ಗವಿದೆ. ಮದುವೆಯಾಗದವರೂ ಗಂಡನಿಂದ ಬೇರೆಯಾದವರೂ ಅದರಲ್ಲಿ ಬರುತ್ತಾರೆ. 2024ರಿಂದ ಈ ಪಿಂಚಣಿ ತಿಂಗಳಿಗೆ 4,000 ರೂಪಾಯಿ. ತಿಂಗಳ ಮೊದಲ ದಿನ ಗ್ರಾಮ ಅಥವಾ ವಾರ್ಡ್ ಸಚಿವಾಲಯದ ಸಿಬ್ಬಂದಿ ಮನೆ ಬಾಗಿಲಿಗೆ ಬಂದು ಬೆರಳಚ್ಚು ಪಡೆದು ನಗದು ಕೊಡುತ್ತಾರೆ. ಕರ್ನಾಟಕದಲ್ಲಿ 2013ರಲ್ಲಿ ಶುರುವಾದ ಯೋಜನೆಗೆ ‘ಮನಸ್ವಿನಿ’ ಎಂದು ಹೆಸರು. 40ರಿಂದ 64 ವಯಸ್ಸಿನ ಬಡ ಅವಿವಾಹಿತೆಯರಿಗೆ, ವಿಚ್ಛೇದಿತೆಯರಿಗೆ ಅದು ಸಿಗುತ್ತದೆ. ಆರಂಭದಲ್ಲಿ 500 ರೂಪಾಯಿ ಇದ್ದದ್ದು 800ಕ್ಕೆ ಬಂತು. ಹೆಸರು ಚೆನ್ನಾಗಿರುವುದು ಇತ್ತ, ದುಡ್ಡು ಹೆಚ್ಚಿರುವುದು ಅತ್ತ. ನನ್ನನ್ನು ಕೇಳಿದರೆ ಮೊದಲು ದುಡ್ಡು. ತಿಂಗಳಿಗೆ 4,000 ರೂಪಾಯಿ ತನ್ನದೇ ಕೈಗೆ ಬರುವ ಹೆಂಗಸಿಗೆ ತಮ್ಮನ ಮನೆಯಲ್ಲಿ ತಟ್ಟೆಗೆ ಅನ್ನ ಬೀಳುವ ರೀತಿಯೇ ಬದಲಾಗುತ್ತದೆ. ಮಾತ್ರೆಗೆ, ಚಪ್ಪಲಿಗೆ, ಮೊಮ್ಮಕ್ಕಳಂಥ ಮಕ್ಕಳಿಗೆ ಕೊಡುವ ಬಿಸ್ಕತ್ತಿಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

2011ರ ಜನಗಣತಿಯಲ್ಲಿ ದೇಶದ ಒಂಟಿ ಮಹಿಳೆಯರು, ಅಂದರೆ ಮದುವೆಯಾಗದವರು, ವಿಧವೆಯರು, ಬಿಟ್ಟವರು-ಬಿಡಿಸಿಕೊಂಡವರು ಎಲ್ಲ ಸೇರಿ 7.14 ಕೋಟಿ. ಅದಕ್ಕೆ ಹತ್ತು ವರ್ಷ ಹಿಂದೆ 5.12 ಕೋಟಿ ಇದ್ದರು. ಇಷ್ಟು ದೊಡ್ಡ ಸಂಖ್ಯೆಯನ್ನು ಇನ್ನೂ ಅಪವಾದ ಎಂದು ನೋಡುವುದು ಹೇಗೆ?

ಗಂಡಸರಿಗೆ ಇದೇ ಸ್ಥಿತಿ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣ ಮುಂದೆಯೇ ಉದಾಹರಣೆಯಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮೂವತ್ತು ದಾಟಿದ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದಕ್ಕೆ ಇಟ್ಟ ಹೆಸರು ಬ್ರಹ್ಮಚಾರಿಗಳ ಪಾದಯಾತ್ರೆ. ರೈತನ ಮಗನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಅವರ ನೋವು ನಿಜವಾದದ್ದು, ಅದನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ಮದುವೆಯಾಗದ ಗಂಡಿಗೆ ಬ್ರಹ್ಮಚಾರಿ ಎಂಬ ತಪಸ್ಸಿನ ಹೆಸರು ಸುಲಭಕ್ಕೆ ಸಿಗುತ್ತದೆ. ಅವನು ಗುಂಪಾಗಿ ರಸ್ತೆಗಿಳಿದು ತನ್ನ ಸ್ಥಿತಿಯನ್ನು ಸಮಾಜದ ಸಮಸ್ಯೆ ಎಂದು ಹೇಳಬಹುದು, ಪತ್ರಿಕೆಗಳೂ ಬರೆಯುತ್ತವೆ. ಕೋಸಿಗಿಯ ನಲವತ್ತರ ಹೆಂಗಸರು ಹಾಗೆ ಹೊರಟಾರೆಯೇ? ಅವರ ಸ್ಥಿತಿಯನ್ನು ಊರು ಅವರ ಹಣೆಬರಹಕ್ಕೆ ಕಟ್ಟುತ್ತದೆ.

ಬೇರೆ ದೇಶಗಳೂ ಈ ವಿಷಯದಲ್ಲಿ ನಮಗಿಂತ ದೊಡ್ಡವೇನಲ್ಲ. ಚೀನಾದಲ್ಲಿ ಇಪ್ಪತ್ತೇಳು ದಾಟಿದ, ಓದಿದ, ದುಡಿಯುವ ಅವಿವಾಹಿತೆಯರನ್ನು ‘ಉಳಿಕೆ ಹೆಂಗಸರು’ ಎಂಬರ್ಥದ ಮಾತಿನಿಂದ ಕರೆದು, 2007ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯವೇ ಅದನ್ನು ಹೊಸ ಪದಗಳ ಪಟ್ಟಿಗೆ ಸೇರಿಸಿತು. ನಮ್ಮ ಕಟ್ಟೆಯ ಮಾತನ್ನೇ ಯಾರೋ ಸರ್ಕಾರಿ ಮುದ್ರೆ ಒತ್ತಿ ಹೊರಡಿಸಿದಂತಿದೆ. ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಮದುವೆ ದಾಖಲೆಯಲ್ಲಿ ಹೆಣ್ಣಿನ ಹೆಸರಿನ ಮುಂದೆ ಬರೆಯುತ್ತಿದ್ದ ‘ಸ್ಪಿನ್‌ಸ್ಟರ್’ ಎಂಬ ಮಾತನ್ನು 2005ರ ಕೊನೆಗೆ ಕೈಬಿಟ್ಟು ಗಂಡು-ಹೆಣ್ಣು ಇಬ್ಬರಿಗೂ ಒಂದೇ ಪದ ಇಟ್ಟರು. ನಮ್ಮ ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ನ್ಯಾಯಾಧೀಶರಿಗೆಂದು ಹೊರತಂದ ಕೈಪಿಡಿಯಲ್ಲೂ ಆ ಪದ ಬಿಟ್ಟು ಅವಿವಾಹಿತ ಮಹಿಳೆ ಎಂದಷ್ಟೇ ಬರೆಯಿರಿ ಎಂದಿದೆ. ಅದಕ್ಕೆ ಹಿಂದಿನ ವರ್ಷ ಅದೇ ನ್ಯಾಯಾಲಯ ಗರ್ಭಪಾತದ ಕಾನೂನಿನಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದ ಸಲ್ಲದೆಂದು ತೀರ್ಪು ಕೊಟ್ಟಿತ್ತು. ನ್ಯಾಯಾಲಯದ ಭಾಷೆ ಬದಲಾದರೆ ಓಣಿಯ ಭಾಷೆ ಮರುದಿನವೇ ಬದಲಾಗುವುದಿಲ್ಲ, ನಿಜ. ಆದರೂ ಕಚೇರಿಯ ಅರ್ಜಿಯಲ್ಲಿ ‘ತಂದೆ/ಗಂಡನ ಹೆಸರು’ ಎಂಬ ಗೆರೆಯ ಮುಂದೆ ಐವತ್ತೈದರ ಹೆಂಗಸು ಎಂದೋ ಸತ್ತ ಅಪ್ಪನ ಹೆಸರು ಬರೆಸುವಾಗ, ಪಕ್ಕದ ಗುಮಾಸ್ತ ತಲೆಯೆತ್ತಿ ನೋಡುವ ನೋಟವಿದೆಯಲ್ಲ, ಅದು ಇಂಥ ಬದಲಾವಣೆಗಳಿಂದ ನಿಧಾನವಾಗಿಯಾದರೂ ಕಡಿಮೆಯಾಗುತ್ತದೆ.

ನಮ್ಮ ಜನ ಮದುವೆಯಾಗದ ಹೆಂಗಸನ್ನು ಗೌರವದಿಂದ ಕರೆಯಲಾರರು ಎಂದರೆ ಅದೂ ಸುಳ್ಳು. 1948ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಸರ್ಕಾರಿ ಕಡತದಲ್ಲಿ ಕೊನೆಯವರೆಗೆ ‘ಸೆಲ್ವಿ’, ಅಂದರೆ ಕುಮಾರಿ, ಜನರ ಬಾಯಲ್ಲಿ ‘ಅಮ್ಮ’. ಮಾಯಾವತಿ ‘ಬೆಹನ್‌ಜೀ’. ಮಮತಾ ಬ್ಯಾನರ್ಜಿ ‘ದೀದಿ’. ಅಧಿಕಾರವಿದ್ದ ಕಡೆ ಗಂಡ ಎಲ್ಲಿ ಎಂದು ಕೇಳುವ ನಾಲಿಗೆಗಳು ತಾವಾಗಿ ಅಮ್ಮ, ಅಕ್ಕ ಅನ್ನಲು ಕಲಿತವು.

ಅಷ್ಟು ದೂರ ಹೋಗುವುದೂ ಬೇಡ. ಮಂತ್ರಾಲಯಕ್ಕೆ ಹೋದವರಿಗೆ ಗೊತ್ತು, ರಾಯರ ಬೃಂದಾವನಕ್ಕೆ ಮೊದಲು ಮಂಚಾಲಮ್ಮನಿಗೆ ಕೈಮುಗಿಯಬೇಕು. ಆ ಊರಿಗೆ ಮಂಚಾಲೆ ಎಂಬ ಹೆಸರಿದ್ದ ಕಾಲದಿಂದ ಅಲ್ಲಿ ನೆಲೆನಿಂತ ಗ್ರಾಮದೇವತೆ ಅವಳು. ಗಂಡ ಯಾರು ಎಂದು ಯಾವ ಭಕ್ತನೂ ಅವಳನ್ನು ಕೇಳಿಲ್ಲ. ಆದೋನಿಯಲ್ಲೇ ಲಕ್ಷ್ಮವ್ವನ ಗುಡಿಯಿದೆ, ವರ್ಷಕ್ಕೊಮ್ಮೆ ತೇರು ಎಳೆಯುತ್ತಾರೆ. ಮನೆ-ಸಂಸಾರದ ಗೊಡವೆಯಿಲ್ಲದೆ, ಮೈಮೇಲಿನ ಬಟ್ಟೆಯ ಪರಿವೆಯೂ ಇಲ್ಲದೆ ಬೀದಿಗಳಲ್ಲಿ ತಿರುಗಿದ ಆ ಅವಧೂತೆಯನ್ನು ಜನ ತಿಕ್ಕಲಕ್ಷ್ಮವ್ವ ಎಂದು ಕರೆದರು. ಈಗ ಮಹಾಯೋಗಿ ಲಕ್ಷ್ಮಮ್ಮ ಅವ್ವ ಎಂದು ತೇರಿನ ಮುಂದೆ ಕಾಯಿ ಒಡೆಯುತ್ತಾರೆ. ಹುಚ್ಚಿ ಎಂದದ್ದೂ ಇದೇ ಊರು, ಅವ್ವ ಎಂದದ್ದೂ ಇದೇ ಊರು. ಸತ್ತ ಮೇಲೆ ದೇವರಾದವಳಿಗೆ ಕೊಡುವ ಮರ್ಯಾದೆಯಲ್ಲಿ ಸ್ವಲ್ಪವನ್ನು ಬದುಕಿರುವವಳಿಗೆ ಕೊಡಲು ಯಾವ ಶಾಸ್ತ್ರ ಅಡ್ಡಬರುತ್ತದೆ?

ಈ ಹಣೆಪಟ್ಟಿ ಇನ್ನೂ ಅನ್ವಯಿಸುತ್ತದೆಯೇ? ಇದಕ್ಕೆ ಹೊಸ ಪೀಳಿಗೆಯ ಹುಡುಗಿಯರು ತಮ್ಮದೇ ರೀತಿಯಲ್ಲಿ ಉತ್ತರ ಕೊಡುತ್ತಿದ್ದಾರೆ. ಗ್ರಾಮ ಸಚಿವಾಲಯದ ನೌಕರಿ, ನರ್ಸಿಂಗ್, ಶಾಲೆಯ ಕೆಲಸ ಬಂದ ಮೇಲೆ ಮೂವತ್ತು ದಾಟಿಯೂ ಮದುವೆಯ ಅವಸರವಿಲ್ಲದವರು ಹಳ್ಳಿಗಳಲ್ಲೂ ಕಾಣತೊಡಗಿದ್ದಾರೆ. ಹೊಳಗುಂದ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತನಾಲ್ಕರ ನರ್ಸಮ್ಮ ಒಬ್ಬರನ್ನು ನೋಡಿದೆ. ಕಟ್ಟೆಯ ಮೇಲಿನ ಅಜ್ಜಿ ‘ಮದುವಿ ಆಗಿಲ್ಲೇನವ್ವ ನಿನಗ?’ ಎಂದು ಎಲ್ಲರೂ ಕೇಳುವ ಹಾಗೇ ಕೇಳಿದಳು. ‘ಇಲ್ಲಜ್ಜಿ. ಕೈ ಚಾಚು, ಬಿ.ಪಿ. ನೋಡೋಣು’ ಎಂದರು ಆಕೆ. ದನಿಯಲ್ಲಿ ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ. ಅಜ್ಜಿ ಕೈ ಚಾಚಿದಳು. ಮುಂದಿನ ಪ್ರಶ್ನೆ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂಬುದಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಇದೇ ಕಟ್ಟೆಯಲ್ಲಿ ಮಾತು ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

ಆದರೆ ಸಂಬಳವಿದ್ದವಳಿಗೆ ಸಿಕ್ಕ ಈ ಸಲೀಸು ಶೇಂಗಾ ಮಿಲ್ಲಿನವಳಿಗೆ ಸಿಕ್ಕಿಲ್ಲ. ಅವಳಿಗೆ ಇನ್ನೂ ಹಳೆಯ ಹೆಸರೇ. ಬೇಕಾಗಿರುವುದು ಮನೆಯವರು ಮಾಡಬಹುದಾದ ಕೆಲಸಗಳು, ದೊಡ್ಡ ಸುಧಾರಣೆಯ ಭಾಷಣಗಳಲ್ಲ. ಸುರಗಿ ಸುತ್ತುವಾಗ ಆ ಐದು ಮಂದಿಯಲ್ಲಿ ಒಬ್ಬಳಾಗಿ ಅವಳನ್ನು ಕರೆಯಬಹುದು, ಯಾರ ಸಂಸಾರವೂ ಅದರಿಂದ ಮುರಿಯುವುದಿಲ್ಲ. ದೀಪಾವಳಿಗೋ ನಾಗರಪಂಚಮಿಗೋ ತವರಿಗೆ ಬಂದ ತಂಗಿಯ ಪಕ್ಕದಲ್ಲೇ ಕೂರಿಸಿ ಅವಳ ಉಡಿಯನ್ನೂ ತುಂಬಬಹುದು. ಆಸ್ಪತ್ರೆಗೆ ಸೇರಿದರೆ ಸಹಿ ಯಾರು ಮಾಡಬೇಕು, ತೀರಿಕೊಂಡರೆ ಕ್ರಿಯೆ ಯಾರದು ಎಂಬುದನ್ನು ಅವಳು ಗಟ್ಟಿಯಾಗಿರುವಾಗಲೇ ಅವಳನ್ನು ಕೇಳಿ ತೀರ್ಮಾನಿಸಬಹುದು. ಪಿಂಚಣಿಗೆ ಅರ್ಹಳಾದರೆ ಸಚಿವಾಲಯಕ್ಕೆ ಕರೆದೊಯ್ದು ಅರ್ಜಿ ಹಾಕಿಸಬೇಕು, ಬಂದ ದುಡ್ಡನ್ನು ಅವಳ ಕೈಯಲ್ಲೇ ಬಿಡಬೇಕು.

ಮತ್ತು ಹೊಲ. ನಮ್ಮ ಅತ್ತಿ ತೀರಿಕೊಂಡಾಗ ಅವರು ದುಡಿದು ಬಿಡಿಸಿದ್ದ ನಾಲ್ಕು ಎಕರೆ ಮೂವರು ತಮ್ಮಂದಿರ ಹೆಸರಿನಲ್ಲಿತ್ತು, ಈಗ ನಮ್ಮ ಹೆಸರಿಗೆ ಬಂದಿದೆ. ಅದನ್ನು ಸರಿಪಡಿಸಲು ಈಗ ದಾರಿಯಿಲ್ಲ. ಆದರೆ ಬದುಕಿರುವ ಅಕ್ಕ-ಅತ್ತೆಯರ ವಿಷಯದಲ್ಲಿ ದಾರಿಯಿದೆ. ಪಿತ್ರಾರ್ಜಿತ ಜಮೀನು ಇನ್ನೂ ಭಾಗವಾಗದ ಮನೆಗಳು ಆದೋನಿ, ಆಲೂರು, ಮಂತ್ರಾಲಯದ ಸುತ್ತ ಬೇಕಾದಷ್ಟಿವೆ. ಈ ಹಂಗಾಮಿನ ಹತ್ತಿ ಮಾರಾಟ ಮುಗಿದ ಮೇಲೆ ಅಣ್ಣತಮ್ಮಂದಿರು ತಹಸೀಲ್ದಾರ್ ಕಚೇರಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ, ಪಾಸ್‌ಬುಕ್ಕಿನಲ್ಲಿ ಅವಳ ಪಾಲನ್ನು ಅವಳ ಹೆಸರಿಗೇ ಬರೆಸಲಿ.